ಒಂಟಿಗಣ್ಣನ ಗುರುವಾರಗಳು

ಅವನಿಗೆ ಎರಡೂ ಕಣ್ಣು ಚೆನ್ನಾಗಿಯೇ ಇದ್ದವು. ಆದರೆ ದಿನಕ್ಕೆ ಹತ್ತಾರು ಸಲ ಕೋವಿಯ ನಳಿಗೆಯನ್ನು ಬೆಳಕಿಗೆ ಹಿಡಿದು, ಒಂದು ಕಣ್ಣು ಮುಚ್ಚಿ, ಇನ್ನೊಂದನ್ನು ಅದರ ತೂತಿಗೆ ಹಚ್ಚಿ ಕೂರುವವನನ್ನು ಬೀದಿಯವರು ಒಂಟಿಗಣ್ಣ ಎಂದು ಕರೆದರೆ ಅದರಲ್ಲಿ ತಪ್ಪೇನಿದೆ? ಎದುರಿಗೇ ಹಾಗೆ ಕರೆಯುತ್ತಿದ್ದರು. ಅವನೂ ಓಗೊಡುತ್ತಿದ್ದ. ಕಳೆದ ಚಳಿಗಾಲದಲ್ಲಿ ಅವನು ತೀರಿಕೊಂಡಾಗ ಆಸ್ಪತ್ರೆಯವರು ಹೆಸರು ಕೇಳಿದರು. ಜೊತೆಗೆ ಹೋಗಿದ್ದ ಹಳೆ ಪುಸ್ತಕದಂಗಡಿಯವನಿಗೆ, ಪ್ರಾಯದಿಂದಲೂ ಅವನ ಗೆಳೆಯನಾಗಿದ್ದವನಿಗೆ, ಒಂದು ಗಳಿಗೆ ಅದು ನೆನಪಿಗೇ ಬರಲಿಲ್ಲ.

ಅಂಗಡಿ ಅಪ್ಪನ ಕಾಲದ್ದು. ರೈಲುಡಬ್ಬಿಯ ಹಾಗೆ ಉದ್ದಕ್ಕೆ ಚಾಚಿಕೊಂಡ, ಅಗಲವೇ ಇಲ್ಲದ ಕೋಣೆ. ಎಡಗೋಡೆಯಲ್ಲಿ ಕಬ್ಬಿಣದ ಜಾಲರಿಯ ಹಿಂದೆ ಹೊಸ ಕೋವಿಗಳು, ಎಲ್ಲವನ್ನೂ ಪೋಣಿಸಿದ ಒಂದೇ ಸರಪಳಿ, ಅದಕ್ಕೊಂದು ಬೀಗ. ಬಲಗೋಡೆಯಲ್ಲಿ ಹಳೆಯ ಸೈನ್ಯಗಳ ಖಡ್ಗಗಳು: ಸವಾರರ ಬಾಗಿದ ಕತ್ತಿ, ಅಧಿಕಾರಿಗಳ ನೆಟ್ಟನೆಯ ಸಪೂರ ಕತ್ತಿ, ವಾದ್ಯದವರು ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಿದ್ದ ಮೊಳದುದ್ದದ ಗಿಡ್ಡ ಕತ್ತಿ. ಆ ಸೈನ್ಯಗಳೇ ಈಗಿಲ್ಲ. ಕೋಣೆಯ ಕೊನೆಯಲ್ಲಿ ಕೆಲಸದ ಮೇಜು, ಅದರ ಮೇಲೆ ಅರಗಳು, ಉಳಿಗಳು, ಅಗಸೆ ಎಣ್ಣೆಯ ಶೀಸೆ. ಮೇಜಿನ ಹಿಂದೆ ಪರದೆ, ಪರದೆಯಾಚೆ ಒಂದು ಮಂಚ, ಒಂದು ಒಲೆ. ಅಷ್ಟೇ ಅವನ ಸಂಸಾರ.

ಮದುವೆ ಒಮ್ಮೆ ಕುದುರುವ ಹಂತಕ್ಕೆ ಬಂದಿತ್ತಂತೆ. ಮನೆ ನೋಡಲು ಬಂದ ಹುಡುಗಿಯ ತಂದೆ ಕೋವಿ ಕತ್ತಿಗಳ ನಡುವೆ ಕೂತು ಚಹಾ ಕುಡಿದು, ಸುತ್ತ ಒಮ್ಮೆ ಕಣ್ಣಾಡಿಸಿ, "ಅಲ್ಲಪ್ಪ, ಜಗಳ ಬಂದ್ರೆ ನನ್ನ ಮಗಳು ಓಡೋದಕ್ಕೆ ದಾರಿ ಎಲ್ಲಿದೆ ಇಲ್ಲಿ?" ಎಂದು ಕೇಳಿ ಎದ್ದುಹೋದರಂತೆ. ಆಮೇಲೆ ಆ ಮಾತನ್ನು ಯಾರೂ ಎತ್ತಲಿಲ್ಲ, ಅವನೂ ಎತ್ತಲಿಲ್ಲ. ಬೇರೆ ಊರಿನಲ್ಲಿದ್ದ ಅಕ್ಕ ಭಾನುವಾರ ಫೋನು ಮಾಡುತ್ತಿದ್ದಳು. "ನಿನ್ನ ಹತ್ರ ಮಾತಾಡೋದೂ ಒಂದೇ, ಜೋಡಿ ನಳಿಗೆ ಕೋವಿ ಹಾರಿಸೋದೂ ಒಂದೇ ಕಣೋ. ಎರಡು ಸಲ ಢಂ ಅನ್ನುತ್ತೆ, ಆಮೇಲೆ ಬರೀ ಹೊಗೆ," ಎಂದು ಬೈದು ಫೋನಿಡುತ್ತಿದ್ದಳು.

ಆ ಅಂಗಡಿಯಲ್ಲಿ ಒಂದೇ ಸೂರಿನಡಿ ಎರಡು ಧರ್ಮ ನಡೆಯುತ್ತಿದ್ದವು. ಹಳೆಯ ಖಡ್ಗದ ಧರ್ಮ, ಮುಟ್ಟಬೇಡ ಎನ್ನುವುದು. ತುಕ್ಕಿದ್ದರೆ ಇರಲಿ, ಗೀರಿದ್ದರೆ ಇರಲಿ, ಒರೆಯ ಚರ್ಮ ಹರಿದಿದ್ದರೂ ಇರಲಿ. ಉಜ್ಜಿ ಹೊಳಪು ಬರಿಸಿದೆಯೋ, ಅದರ ಆಯಸ್ಸನ್ನೇ ಅಳಿಸಿದ ಹಾಗೆ. ನೋಡುವಾಗಲೂ ಹತ್ತಿಯ ಕೈಗವಸು ತೊಡಬೇಕು. ಬರಿಗೈಯಲ್ಲಿ ಅಲಗು ಮುಟ್ಟಿದರೆ ಬೆವರಿನ ಉಪ್ಪು ಅಲ್ಲೇ ಕೂತು, ಕೆಲವು ತಿಂಗಳಲ್ಲಿ ಮುಟ್ಟಿದವನ ಬೆರಳ ಗುರುತು ತುಕ್ಕಾಗಿ ಏಳುತ್ತದೆ.

ಹೊಸ ಕೋವಿಯ ಧರ್ಮ ಇದಕ್ಕೆ ತೀರ ತಿರುಗುಮುರುಗು. ಅದನ್ನು ಕೊಂಡವರ ಮೈಗೆ ತಕ್ಕಂತೆ ಕೆತ್ತದೆ ಕೊಟ್ಟರೆ ಪಾಪ. ಹೆಗಲಿಗೆ ಒತ್ತಿ, ಕೆನ್ನೆ ಊರಿ ಹಿಡಿಯುವ ಹಿಂಭಾಗಕ್ಕೆ ಅವನು ಬರೀ 'ಮರ' ಎನ್ನುತ್ತಿದ್ದ. ಸಣ್ಣ ಸೀಸದ ಗುಂಡುಗಳನ್ನು ಚೆಲ್ಲುವ ಚರೆಯ ಕೋವಿಗೆ ಗುರಿ ನೋಡುವ ಹಿಂದಿನ ಕಿಂಡಿ ಇರುವುದಿಲ್ಲ. ಗುರಿಗೆಂದು ಗಾಳಿಗೆ ಹಾರಿಸಿದ ಬಿಲ್ಲೆಯ ಮೇಲೆ ದೃಷ್ಟಿಯಿಟ್ಟು ಕೋವಿ ಎತ್ತಿದರೆ ಕೆನ್ನೆ ಮರದ ಮೇಲೆ ಕೂರಬೇಕು, ಕಣ್ಣು ತಾನಾಗಿ ನಳಿಗೆಯ ಗೆರೆಗೆ ಬಂದು ನಿಲ್ಲಬೇಕು. ಮರ ಒಂದು ಕೂದಲೆಳೆ ಎತ್ತರವಿದ್ದರೂ ಚರೆ ಬಿಲ್ಲೆಯ ತಲೆಯ ಮೇಲಿಂದ ಹಾರಿಹೋಗುತ್ತದೆ. ಜೊತೆಗೆ ಕೋವಿ ಒದ್ದು ಕೆನ್ನೆಗೆ ಬಾರಿಸುತ್ತದೆ.

ಅಳತೆ ನೋಡುವ ಅವನ ಕ್ರಮ ಹೀಗೆ. ಕೋವಿ ಬರಿದಾಗಿದೆಯೆಂದು ತಾನೊಮ್ಮೆ ಅದನ್ನು ಮುರಿದು, ಅಂದರೆ ನಳಿಗೆಯನ್ನು ಬುಡದ ಕೀಲಿನಲ್ಲಿ ಮಡಚಿ ತೆರೆದು ನೋಡುವನು, ಕೊಳ್ಳುವವರ ಕೈಯಲ್ಲೂ ಒಮ್ಮೆ ಮುರಿಸಿ ನೋಡಿಸುವನು. ಆಮೇಲೆ ಎದುರಿಗೆ ಹೋಗಿ ನಿಂತು, ತನ್ನ ಬಲಗಣ್ಣಿನ ಕೆಳಗೆ ಬೆರಳಿಟ್ಟು, "ಕಣ್ಣು ಮುಚ್ಚಿ. ಕೋವಿ ಎತ್ತಿ. ಈಗ ಕಣ್ಣು ಬಿಟ್ಟು ನನ್ನ ಕಣ್ಣು ನೋಡಿ," ಎನ್ನುವನು. ನಳಿಗೆಯ ಗೆರೆಯ ಆ ತುದಿಯಲ್ಲಿ ಅವರ ಕಣ್ಣುಗುಡ್ಡೆ ಎಷ್ಟು ಮೇಲೆ, ಎಷ್ಟು ಪಕ್ಕಕ್ಕೆ ಕೂತಿದೆ ಎಂದು ನೋಡಿ ಸೀಸದಕಡ್ಡಿಯಲ್ಲಿ ಮರದ ಮೇಲೆ ಗುರುತು ಹಾಕುವನು. ಮರದಿಂದ ತೆಗೆಯಬಹುದು, ಮರಕ್ಕೆ ಸೇರಿಸಲಾಗದು. ಅದಕ್ಕೇ ಯಾರ ಕೋವಿಯೂ ಒಂದೇ ದಿನಕ್ಕೆ ಮುಗಿಯುತ್ತಿರಲಿಲ್ಲ. ಸ್ವಲ್ಪ ತೆಗೆದು, ಮತ್ತೆ ಕರೆಸಿ, ಮತ್ತೆ ಎದುರಿಗೆ ನಿಲ್ಲುವನು. ಯೋಚಿಸಿದರೆ ಇಡೀ ಊರಿನಲ್ಲಿ ಅವನ ಕಣ್ಣನ್ನು ನೇರವಾಗಿ ನೋಡಿದವರು ಅಂಥ ಗಿರಾಕಿಗಳು ಮಾತ್ರ.

ಅವರೂ ಕಡಿಮೆಯಾಗಿದ್ದರು. ಊರಾಚೆ ದೊಡ್ಡ ಅಂಗಡಿಯೊಂದು ಬಂದಿತ್ತು. ಅಲ್ಲಿನ ಕೋವಿಗಳ ಮರಕ್ಕೆ ತಿರುಪುಗಳಿದ್ದವು. ಕೊಂಡವರೇ ತಿರುಗಿಸಿ ಎತ್ತರ ತಗ್ಗು ಮಾಡಿಕೊಳ್ಳಬಹುದಿತ್ತು. ಇವನ ಹತ್ತಿರ ಬರುತ್ತಿದ್ದವರು ತೋಟಾ ಕೊಂಡು, ಪರವಾನಗಿ ತೋರಿಸಿ, ಚಿಲ್ಲರೆ ಎಣಿಸಿಕೊಂಡು ಹೋಗುವವರು. ಇನ್ನುಳಿದವರು ಖಡ್ಗದ ಹುಚ್ಚಿನ ಹಲ್ಲಿನ ಡಾಕ್ಟರು. ಅವರು ತಿಂಗಳಿಗೊಮ್ಮೆ ಬಂದು, ಗೋಡೆಯುದ್ದಕ್ಕೂ ರೋಗಿಯ ಬಾಯಿ ನೋಡುವ ಹಾಗೆ ಬಗ್ಗಿ ಬಗ್ಗಿ ನೋಡಿ, ಏನೂ ಕೊಳ್ಳದೆ ಹೋಗುವರು.

ನರ್ಸಮ್ಮ ಬಂದದ್ದು ಒಂದು ಗುರುವಾರ ಬೆಳಿಗ್ಗೆ. ರಾತ್ರಿ ಪಾಳಿ ಮುಗಿಸಿ ನೇರ ಬಂದಿದ್ದಳು. ಬಿಳಿ ಸಮವಸ್ತ್ರದ ಮೇಲೆ ಸ್ವೆಟರು, ತೋಳಿನಲ್ಲಿ ಮಗುವನ್ನು ಎತ್ತಿಕೊಂಡ ಹಾಗೆ ಹಳೆಯ ಹೊದಿಕೆಯಲ್ಲಿ ಸುತ್ತಿದ ಉದ್ದನೆಯ ಗಂಟು. ನಲವತ್ತು ದಾಟಿದ, ಗಿಡ್ಡನೆಯ, ಗಟ್ಟಿ ಭುಜದ ಹೆಂಗಸು.

"ಯಜಮಾನ್ರೇ, ಇದನ್ನ ತಗೊಂಡು ನನಗೊಂದು ಕೋವಿ ಕೊಡ್ತೀರಾ?"

"ಏನದು?"

"ನಮ್ಮಜ್ಜನ ಕತ್ತಿ. ತಡೀರಿ, ಒಂಚೂರು ಧೂಳಾಗಿದೆ." ಗಂಟನ್ನು ಮೇಜಿನ ಮೇಲಿಟ್ಟು ಬಿಚ್ಚಿ, ಒರೆಯಿಂದ ಖಡ್ಗವನ್ನು ಅರ್ಧ ಎಳೆದು, ಇನ್ನೊಂದು ಕೈಯಲ್ಲಿ ಚೀಲದಿಂದ ಸ್ಪಿರಿಟ್ಟಿನ ಬಾಟಲಿ, ಹತ್ತಿ ಹೊರತೆಗೆದಳು.

"ಮುಟ್ಟಬೇಡಿ!"

ಅವಳ ಕೈಯಿಂದ ಹತ್ತಿ ಬಿದ್ದುಹೋಯಿತು. "ಅಬ್ಬಾ! ಸೂಜಿ ಚುಚ್ಚಿದ್ರೆ ನಮ್ಮ ರೋಗಿಗಳೂ ಹೀಗೆ ಕಿರುಚಲ್ಲ ಕಣ್ರೀ."

ಅವನು ಕೈಗವಸು ತೊಟ್ಟು ಖಡ್ಗವನ್ನು ಕಿಟಕಿಯ ಬೆಳಕಿಗೆ ತಂದ. ಕುದುರೆ ದಳದ್ದು. ಅಲಗಿನ ಬುಡದಲ್ಲಿ ಬಳ್ಳಿಯ ನಡುವೆ ದಳದ ಹೆಸರು ಕೆತ್ತಿತ್ತು. ಆ ಹೆಸರಿನ ಉದ್ದಕ್ಕೂ ಕಂದು ಬಣ್ಣದ ಸಣ್ಣ ಸಣ್ಣ ಸುಳಿಗಳು. ಬೆರಳ ಗುರುತುಗಳು, ಒಂದರ ಮೇಲೊಂದು.

"ಯಾರೋ ಇದನ್ನ ಮತ್ತೆ ಮತ್ತೆ ಮುಟ್ಟಿದಾರೆ."

"ಅಜ್ಜನೇ. ಕೊನೆಗಾಲದಲ್ಲಿ ಅವರಿಗೆ ಕಣ್ಣು ಕಾಣ್ತಿರಲಿಲ್ಲ. ದಿನಾ ಬೆಳಿಗ್ಗೆ ಆ ಹೆಸರನ್ನ ಬೆರಳಲ್ಲೇ ಓದೋರು. ಅದು ಹೋಗುತ್ತಾ?"

"ಹೋಗಬಾರದು. ಇದನ್ನ ಮಾರೋದಕ್ಕೆ ನಿಮಗೆ ಮನಸ್ಸಿದೆಯಾ?"

"ಗೋಡೆಗೆ ನೇತು ಹಾಕಿ ಕೂತ್ರೆ ಬಿಲ್ಲೆ ಒಡೆಯುತ್ತಾ?" ಎಂದಳು.

ಅವಳು ಊರಾಚೆಯ ಮೈದಾನದಲ್ಲಿ ಗಾಳಿಗೆ ಹಾರಿಸುವ ಮಣ್ಣಿನ ಬಿಲ್ಲೆಗಳನ್ನು ಹೊಡೆಯುವವಳು. ಎಡಚಿ. ಅಲ್ಲಿನ ಎರವಲು ಕೋವಿಗಳೆಲ್ಲ ಬಲಗೈಯವರಿಗೆ, ಅದೂ ಆರಡಿ ಗಂಡಸರಿಗೆ ಮಾಡಿದವು. ಆ ವರ್ಷ ತಂಡಕ್ಕೆ ಆಯ್ಕೆ ನಡೆಯುತ್ತಿತ್ತು. ಮೂರು ಸುತ್ತು, ಅದರಲ್ಲಿ ಒಳ್ಳೆಯ ಎರಡು ಲೆಕ್ಕಕ್ಕೆ. "ಈ ಸಲ ಬಿಟ್ರೆ ಮುಂದೆ ನನ್ನನ್ನ ಯಾರೂ ಕರೆಯಲ್ಲ," ಎಂದಳು. "ನಮ್ಮ ಅತ್ತೆ ಕೇಳ್ತಾರೆ, ಈ ವಯಸ್ಸಲ್ಲಿ ನಿನಗ್ಯಾಕೆ ಈ ಢಂ ಢಂ ಅಂತ. ಏನು ಹೇಳಲಿ? ವಾರ್ಡಲ್ಲಿ ಎಲ್ಲಾನೂ ಜೋಪಾನ, ಜೋಪಾನ. ಅಲ್ಲಿ ಒಡೆದು ಹಾಕಿದ್ರೆ ಚಪ್ಪಾಳೆ ತಟ್ತಾರೆ."

ಒಪ್ಪಂದವಾಯಿತು. ಅವನಲ್ಲಿದ್ದ ಒಂದು ಜೋಡಿ ನಳಿಗೆಯ ಕೋವಿಗೆ ಅವಳ ಎಡ ಹೆಗಲಿಗೆ ತಕ್ಕಂತೆ ಆಕ್ರೋಟಿನ ಹೊಸ ಮರ ಮಾಡಿಕೊಡುವುದು. ಕೋವಿ ಮುಗಿದ ದಿನ ಖಡ್ಗ ಅವನದು. ಅಲ್ಲಿಯವರೆಗೆ ಅದು ಅವಳದ್ದಾಗಿಯೇ ಅವನ ಮೇಜಿನ ಮೇಲೆ ಬಟ್ಟೆಯಲ್ಲಿ ಮಲಗಿರುತ್ತದೆ. ಹಲ್ಲಿನ ಡಾಕ್ಟರು ಅದನ್ನು ಕಂಡವರೇ ಜೇಬಿಗೆ ಕೈ ಹಾಕಿದರು. "ಕೋವಿ ಮುಗೀಲಿ ಡಾಕ್ಟ್ರೇ," ಎಂದ ಇವನು.

ಅಂದಿನಿಂದ ಪ್ರತಿ ಗುರುವಾರ ಪಾಳಿ ಮುಗಿಸಿ ಅವಳು ಬರತೊಡಗಿದಳು. ಬಂದು, ಚಪ್ಪಲಿ ಕಳಚಿ, ಊದಿದ ಪಾದಗಳನ್ನು ತಣ್ಣನೆಯ ನೆಲಕ್ಕೆ ಊರಿ ಒಂದು ನಿಟ್ಟುಸಿರು ಬಿಡುವಳು. ಆಮೇಲೆ ಕೋವಿ ಎತ್ತುವಳು. ಅವನು ಎದುರಿಗೆ ನಿಂತು ಕಣ್ಣಿನ ಕೆಳಗೆ ಬೆರಳಿಡುವನು. ಅವನು ಅರ ಹಿಡಿದು ಮರ ಉಜ್ಜುವ ಹೊತ್ತಿನಲ್ಲಿ ಅವಳು ಕುರ್ಚಿಯಲ್ಲಿ ಕೂತು ಡಬ್ಬಿ ತೆರೆದು ತಿನ್ನುತ್ತ ಮಾತಾಡುವಳು. ಅಂಗಿಯ ಗುಂಡಿ ನುಂಗಿಕೊಂಡು ಬಂದ ಮುದುಕ, ರಾತ್ರಿಯೆಲ್ಲ ಸತ್ತ ಹೆಂಡತಿಯ ಜೊತೆ ಜಗಳವಾಡುವ ಲೆಕ್ಕ ಬರೆಯುವ ಗುಮಾಸ್ತರು, ಬಸ್ಸು ಓಡಿಸುವ ತನ್ನ ಗಂಡ ಮನೆಯಲ್ಲಿ ನಡೆಯುವಾಗಲೂ ತಿರುವಿನಲ್ಲಿ ಬಾಯಲ್ಲೇ ಹಾರ್ನ್ ಹೊಡೆಯುವುದು. ಅವನೂ ಕೇಳುತ್ತ ಕೇಳುತ್ತ ಒಂದೊಂದು ಮಾತು ಸೇರಿಸುವನು. ಒಂದು ದಿನ ಅವಳು ಮಾತಿನ ನಡುವೆಯೇ ತೂಕಡಿಸಿ ನಿದ್ದೆಹೋದಳು. ಅವನು ಅರ ಕೆಳಗಿಟ್ಟ. ಮರ ನಯ ಮಾಡುವ ಉಪ್ಪುಕಾಗದವನ್ನೂ ತೆಗೆದುಕೊಳ್ಳಲಿಲ್ಲ. ಅವಳು ಏಳುವವರೆಗೆ ಬೆರಳಲ್ಲಿ ಮರಕ್ಕೆ ಎಣ್ಣೆ ತಿಕ್ಕುತ್ತ ಕೂತ, ಸದ್ದಾಗದ ಕೆಲಸ ಅದೊಂದೇ.

ಎಲ್ಲಿ ಹಾದಿ ತಪ್ಪಿತೆಂದು ಅವನಿಗೆ ಗೊತ್ತಿತ್ತು. ಮರ ಒಂದು ರೂಪಕ್ಕೆ ಬಂದಿದ್ದ ಗುರುವಾರ. ಅವಳು ಕಣ್ಣು ಬಿಟ್ಟಾಗ ಕಣ್ಣುಗುಡ್ಡೆ ನಳಿಗೆಯ ಗೆರೆಗಿಂತ ಒಂದು ಎಳೆಯಷ್ಟೇ ಮೇಲಿತ್ತು. ಅರವನ್ನು ನಾಲ್ಕು ಸಲ ಆಡಿಸಿದರೆ ಮುಗಿಯಿತು. ಮುಗಿದರೆ ಅವಳು ಕೋವಿ ಎತ್ತಿಕೊಂಡು ಹೋಗುತ್ತಾಳೆ. ಚೆನ್ನಾಗಿ ಕೂತ ಕೋವಿ ಕೊಂಡವರು ಮತ್ತೆ ಬರುವುದಿಲ್ಲ, ಅವನ ಕಸುಬಿನ ಹೆಚ್ಚುಗಾರಿಕೆಯೇ ಅದು. ಅವನ ಬಾಯಿಂದ, "ಇನ್ನೂ ಸ್ವಲ್ಪ ಇದೆ. ಮುಂದಿನ ವಾರ ನೋಡೋಣ," ಎಂಬ ಮಾತು ಬಂದುಬಿಟ್ಟಿತು. ಮುಂದಿನ ವಾರವೂ ಅದೇ ಮಾತು ಬಂತು. ಅವಳು ಹೋದ ಮೇಲೆ ಮೇಜಿನ ಮುಂದೆ ಕೂತು, ಎಷ್ಟೋ ಹೊತ್ತು ಆ ಮರವನ್ನೇ ನೋಡುವನು. ಅರ ಎತ್ತುವನು, ಇಡುವನು.

ಎದುರು ಬದಿಯ ಪುಸ್ತಕದಂಗಡಿಯವನು ಸಂಜೆಯ ಚಹಾಕ್ಕೆ ಬರುತ್ತಿದ್ದ. ಅವನ ಕಣ್ಣಿಗೆ ಏನು ತಪ್ಪುತ್ತದೆ?

"ಲೋ, ಒಂದು ಮರಕ್ಕೆ ಎಷ್ಟು ಗುರುವಾರ ಬೇಕೋ?"

"ಎಡಗೈಯವರದು ಕಷ್ಟ."

"ಮೇಜಿನ ಕೆಳಗೆ ಗುಡಿಸೋದಕ್ಕೆ ಪುಡಿಯೇ ಬಿದ್ದಿಲ್ಲ. ಏನು, ಗಾಳಿಗೆ ಅರ ಉಜ್ಜುತಾ ಇದೀಯಾ?"

ಒಂಟಿಗಣ್ಣ ಅರವನ್ನು ಬಟ್ಟೆಯಲ್ಲಿ ಒರೆಸಿದ.

"ಮುಗಿಸಿ ಕೊಟ್ಟುಬಿಡೋ. ಆಗಾಗ ಬಂದು ಹೋಗ್ತಾ ಇರಮ್ಮ ಅಂತ ಹೇಳು. ಅವಳೇನು ಬೇಡ ಅಂತಾಳಾ?"

"ಕೋವಿ ಮುಗಿದ ಮೇಲೆ ಯಾಕೆ ಬರ್ತಾಳೆ?" ಎಂದ. ತಮಾಷೆಗಲ್ಲ, ನಿಜವಾಗಿಯೂ ಉತ್ತರ ಬೇಕಾಗಿದ್ದವನ ಹಾಗೆ ಕೇಳಿದ.

ಆಯ್ಕೆಯ ಮೊದಲ ಸುತ್ತನ್ನು ಅವಳು ಎರವಲು ಕೋವಿಯಲ್ಲೇ ಹೇಗೋ ಚೆನ್ನಾಗಿ ಮುಗಿಸಿದಳು. ಎರಡನೆಯದು ಹತ್ತಿರ ಬಂದಾಗ, "ಅಣ್ಣ, ಈ ಸಲವಾದ್ರೂ ನನ್ನ ಕೋವಿ ಕೊಡ್ತೀಯಾ?" ಎಂದಳು. ಯಜಮಾನ್ರು ಹೋಗಿ ಅಣ್ಣ ಬಂದು ಆಗಲೇ ಕೆಲವು ವಾರಗಳಾಗಿದ್ದವು. ಅವನು ಒಂದು ಗಳಿಗೆ ಯೋಚಿಸಿದ. ಎಳೆಯಷ್ಟು ತಾನೇ? ಕಣ್ಣು ಅಷ್ಟು ಚುರುಕಿರುವವಳು, ಅವಳೇ ಹೊಂದಿಸಿಕೊಳ್ಳುತ್ತಾಳೆ. ಉಳಿದದ್ದಕ್ಕೆ ಮತ್ತೆ ಬರುತ್ತಾಳಲ್ಲ. "ತಗೊಂಡು ಹೋಗಿ ಹೊಡೀರಿ. ಉಳಿದಿದ್ದು ಆಮೇಲೆ ತೆಗೆಯೋಣ," ಎಂದು ಮುಗಿಯದ ಕೋವಿಯನ್ನು ಅವಳ ಕೈಗೆ ಕೊಟ್ಟ. ಆ ಅಂಗಡಿಯಿಂದ ಅಪ್ಪನ ಕಾಲದಲ್ಲೂ ಅವನ ಕಾಲದಲ್ಲೂ ಮುಗಿಯದ ಕೋವಿ ಹೊರಗೆ ಹೋದದ್ದು ಅದೊಂದೇ ಸಲ.

ಗುರುವಾರ ಅವಳು ಬಂದಾಗ ಎಡಗೆನ್ನೆ ನೇರಳೆ ಬಣ್ಣಕ್ಕೆ ತಿರುಗಿ ಊದಿತ್ತು. ಚಪ್ಪಲಿ ಕಳಚಲಿಲ್ಲ.

"ಎಲ್ಲ ತಲೆ ಮೇಲಿಂದ ಹೋಯ್ತು ಅಣ್ಣ. ಒಂದರ ಹಿಂದೆ ಒಂದು. ಮೊದಲು ನನ್ನ ಕೈಯೇ ಸರಿಯಿಲ್ಲ ಅಂದ್ಕೊಂಡೆ. ಅರ್ಧ ಮುಗಿಯೋ ಹೊತ್ತಿಗೆ ಕೋವಿ ಎತ್ತೋಕೇ ಭಯ. ಎತ್ತಿದ್ರೆ ಕೆನ್ನೆಗೆ ಬೀಳುತ್ತೆ ಅಂತ ಕಣ್ಣು ಮುಚ್ಚಿಕೊಳ್ತಾ ಇದ್ದೆ. ಎರಡನೇ ಸುತ್ತು ಹೋದ ಹಾಗೇ. ಇನ್ನು ಮೂರನೇದೂ ಕೈಬಿಟ್ರೆ ಮುಗೀತು. ಬಹುಶಃ ನನ್ನ ಕೈಲಾಗಲ್ಲ. ವಯಸ್ಸಾಯ್ತಲ್ಲ."

ಅವನು ಮೇಜಿನ ಅಂಚು ಹಿಡಿದು ನಿಂತಿದ್ದ. ಸುಮ್ಮನಿದ್ದರೆ ಅವಳು ತನ್ನ ಕೈಯನ್ನೇ ದೂರಿಕೊಂಡು ಹೋಗುತ್ತಾಳೆ. ಹೇಳಿದರೆ ಇದು ಕೊನೆಯ ಗುರುವಾರ.

"ನಿಮ್ಮ ಕೈಯಲ್ಲಿ ತಪ್ಪಿಲ್ಲ," ಎಂದ. "ಮರ ಎತ್ತರ ಇದೆ. ನನಗೆ ಗೊತ್ತಿತ್ತು."

"ಗೊತ್ತಿತ್ತು ಅಂದ್ರೆ?"

"ಇದು ಯಾವತ್ತೋ ಮುಗೀಬೇಕಿತ್ತು. ಒಂದು ಗಳಿಗೆಯ ಕೆಲಸ ಉಳಿಸಿಕೊಂಡೆ. ಬೇಕಂತಲೇ."

ಅವಳಿಗೆ ಅರ್ಥವಾಗಲು ತುಸು ಹೊತ್ತು ಹಿಡಿಯಿತು. "ನಾನು ರಾತ್ರಿಯೆಲ್ಲ ನಿಂತು ನಿಂತು, ಕಾಲು ಬಾತುಕೊಂಡು ಇಲ್ಲಿಗೆ ಬರ್ತಿದ್ದೆ. ಮಲಗೋದು ಬಿಟ್ಟು ಬರ್ತಿದ್ದೆ. ಸುಮ್ಮಸುಮ್ಮನೆ ನನ್ನನ್ನ ನಿಲ್ಲಿಸಿ ಕೋವಿ ಎತ್ತಿಸ್ತಾ ಇದ್ದೆಯಾ? ಯಾಕೆ?"

"ಮುಗಿದ್ರೆ ನೀವು ಬರಲ್ಲ ಅಂತ."

ಅವಳು ಅವನನ್ನೇ ನೋಡಿದಳು. ಆ ನೋಟದಲ್ಲಿ ಕನಿಕರವಿತ್ತೆಂದು ಬರೆದರೆ ಸುಳ್ಳಾಗುತ್ತದೆ. ಅವಳು ಕೆಂಡವಾಗಿದ್ದಳು.

"ಈಗ ಮುಗಿಸು. ಇಲ್ಲೇ ನಿಂತಿರ್ತೀನಿ."

ಅವನು ಅರ ತೆಗೆದುಕೊಂಡ. ಆಡಿಸಿದ, ನಿಲ್ಲಿಸಿದ, ಬೆರಳಲ್ಲಿ ಸವರಿ ಮತ್ತೆ ಆಡಿಸಿದ. ಉಪ್ಪುಕಾಗದದಿಂದ ನಯ ಮಾಡಿದ. ಅವಳು ಕುರ್ಚಿಯ ಪಕ್ಕದಲ್ಲೇ ನಿಂತಿದ್ದಳು, ಕೂರಲಿಲ್ಲ, ಡಬ್ಬಿಯನ್ನೂ ತೆರೆಯಲಿಲ್ಲ. ಆಮೇಲೆ ಕೋವಿ ಮುರಿದು ನೋಡಿದ, ಅವಳೂ ನೋಡಿದಳು. ಅವನು ಎದುರಿಗೆ ಹೋಗಿ ನಿಂತ. ಅವಳು ಕಣ್ಣು ಮುಚ್ಚಿ, ಆ ನೇರಳೆ ಕೆನ್ನೆಯನ್ನು ಮರಕ್ಕೆ ಊರಿದಳು. ನೋವಿಗೆ ಮುಖ ಕಿವುಚಿಕೊಂಡದ್ದು ಕಾಣಿಸಿತು. ಕಣ್ಣು ಬಿಟ್ಟಳು. ಗೆರೆಯ ಮೇಲೆ ಕಣ್ಣುಗುಡ್ಡೆ ಸೂರ್ಯ ಹುಟ್ಟುವಾಗ ದಿಗಂತದ ಮೇಲೆ ಕೂತಂತೆ ಕೂತಿತ್ತು.

"ಆಯ್ತು," ಎಂದ.

ಇನ್ನೂ ಎಣ್ಣೆ ಆರದ ಕೋವಿಯನ್ನು ಅವಳು ಚೀಲಕ್ಕಿಳಿಸಿದಳು. ಮೇಜಿನ ಮೇಲಿದ್ದ ಬಟ್ಟೆಯ ಗಂಟಿನತ್ತ ತಲೆಯಾಡಿಸಿ, "ಅದಿನ್ನು ನಿಮ್ಮದು," ಎಂದು ಹೇಳಿ ಹೋದಳು. ಅಣ್ಣ ಎನ್ನಲಿಲ್ಲ.

ಮೂರನೇ ಸುತ್ತಿಗೆ ಅವನನ್ನು ಯಾರೂ ಕರೆದಿರಲಿಲ್ಲ. ಪುಸ್ತಕದಂಗಡಿಯವನನ್ನು ಎಳೆದುಕೊಂಡು ಬಸ್ಸು ಹತ್ತಿ ಹೋದ. ಹಗ್ಗದಾಚೆ, ಜನರ ಹಿಂದೆ, ಮರವೊಂದಕ್ಕೆ ಒತ್ತಿ ನಿಂತರು. ಎಲ್ಲರೂ ಆಕಾಶ ನೋಡುತ್ತಿದ್ದರೆ ಅವನೊಬ್ಬ ಅವಳ ಕೆನ್ನೆ ನೋಡುತ್ತಿದ್ದ. ಬಿಲ್ಲೆ ಹಾರುವುದನ್ನು ಅವನು ಒಮ್ಮೆಯೂ ನೋಡಲಿಲ್ಲ. ಕೋವಿ ಮೇಲೇಳುವ ಬಗೆಯಲ್ಲೇ ಅವನಿಗೆ ತಿಳಿಯುತ್ತಿತ್ತು. ಢಂ ಎನ್ನುವುದಕ್ಕೆ ಮೊದಲೇ, "ಒಡೀತು," ಎಂದು ಪಿಸುಗುಟ್ಟುವನು. ಪುಸ್ತಕದಂಗಡಿಯವನು ನೋಡಿದರೆ ಆಕಾಶದಲ್ಲಿ ಬರೀ ಧೂಳು. ಒಂದೇ ಒಂದು ಸಲ, "ಇಲ್ಲ," ಎಂದ. ಅದು ತಪ್ಪಿತು ಕೂಡ. ಕೊನೆಗೆ ಹೆಸರುಗಳನ್ನು ಕೂಗಿದಾಗ ಅವಳದ್ದಿತ್ತು. ಬಸ್ಸು ಓಡಿಸುವ ಗಂಡ ಅವಳನ್ನು ಎತ್ತಲು ಹೋಗಿ, ಕೋವಿ ಅಡ್ಡ ಬಂದದ್ದಕ್ಕೆ ನಕ್ಕ. ಢಂ ಢಂ ಯಾಕೆ ಎಂದು ಕೇಳುತ್ತಿದ್ದ ಅತ್ತೆ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟುತ್ತಿದ್ದರು.

"ಹೋಗಿ ಒಂದು ಮಾತಾಡಿಸಿ ಬಾರೋ," ಎಂದ ಗೆಳೆಯ.

"ಅವಳ ಕೆನ್ನೆ ನೋಡಿದೆಯಾ? ಹೊಸ ಗಾಯ ಇಲ್ಲ," ಎಂದು ಬಸ್ಸಿನ ಕಡೆ ನಡೆದ.

ಖಡ್ಗವನ್ನು ಮಾರಿದ. ಅಂಗಡಿಯೆಂದ ಮೇಲೆ ಮಾರಬೇಕಲ್ಲ. ಹಲ್ಲಿನ ಡಾಕ್ಟರಿಗೆ ಬೆರಳ ಗುರುತು ತೋರಿಸಿ, ಕಣ್ಣಿಲ್ಲದ ಅಜ್ಜ ದಿನಾ ಬೆಳಿಗ್ಗೆ ಹೆಸರು ಓದುತ್ತಿದ್ದದ್ದನ್ನು ಹೇಳಿದ. ಅಲ್ಲಿಗೆ ನಿಲ್ಲಲಿಲ್ಲ. ಅಜ್ಜನ ಮೊಮ್ಮಗಳು, ಅವಳ ವಾರ್ಡು, ಗುಂಡಿ ನುಂಗಿದ ಮುದುಕ, ಬಾಯಲ್ಲಿ ಹಾರ್ನ್ ಹೊಡೆಯುವ ಗಂಡ, ಎಲ್ಲ ಹೇಳಿದ. ಡಾಕ್ಟರು ತಾಳ್ಮೆಯಿಂದ ಕೇಳಿ, "ಅದೆಲ್ಲ ಇರಲಿ, ಇದು ಯಾವ ವರ್ಷದ್ದು?" ಎಂದರು.

ಅವಳು ಬಂದಳು. ಕೆಲವು ವಾರಗಳ ಮೇಲೆ, ಗುರುವಾರವೇ. ಅಂಗಡಿಯ ಮೆಟ್ಟಿಲ ಮೇಲೆ ನಿಂತವಳನ್ನು ಕಂಡು ಅವನು ಎದ್ದು ನಿಂತ. ಮೊದಲು ನೋಡಿದ್ದು ಅವಳ ಕೈಗಳನ್ನು.

"ಕೋವಿ ಎಲ್ಲಿ?"

"ಮನೇಲಿದೆ."

"ಏನಾಯ್ತು ಅದಕ್ಕೆ?"

"ಅದಕ್ಕೇನಾಗುತ್ತೆ? ಚೆನ್ನಾಗಿದೆ."

"ಕೆನ್ನೆಗೆ ತಾಗ್ತಾ ಇದೆಯಾ?"

"ಇಲ್ಲ."

"ತೋಟಾ ಬೇಕಿತ್ತಾ?"

"ಬೇಡ."

ಅಲ್ಲಿಗೆ ಅವನ ಪ್ರಶ್ನೆಗಳು ಮುಗಿದವು. ಕುರ್ಚಿ ತೋರಿಸಿದ. ಅವಳು ಕೂತಳು, ಅವನೂ ಕೂತ. ಅವಳು ಊರು ಬಿಟ್ಟು ಪಂದ್ಯಕ್ಕೆ ಹೋಗಿಬಂದದ್ದನ್ನು ಸ್ವಲ್ಪ ಹೇಳಿದಳು. ಅವನು ತಲೆಯಾಡಿಸಿದ. ಅರವೊಂದನ್ನು ಎತ್ತಿಕೊಂಡ, ಉಜ್ಜಲು ಏನೂ ಇರಲಿಲ್ಲ, ಕೆಳಗಿಟ್ಟ. ಎದ್ದು ಹೋಗಿ ಗೋಡೆಯ ಖಡ್ಗವೊಂದನ್ನು ನೆಟ್ಟಗೆ ಮಾಡಿದ. ಅದು ನೆಟ್ಟಗೇ ಇತ್ತು. ಸ್ವಲ್ಪ ಹೊತ್ತಿಗೆ ಅವಳು ಎದ್ದು, "ಬರ್ತೀನಿ ಅಣ್ಣ. ಇನ್ನೊಂದು ಸಲ ಬರ್ತೀನಿ," ಎಂದು ಹೊರಟಳು.

ಆ ಸಂಜೆ ಅವನು ಚಹಾ ಸೋಸುವ ಮೊದಲೇ ಗೆಳೆಯನನ್ನು ಕೇಳಿದ: "ಅವಳು ಯಾಕೆ ಬಂದಿದ್ದಳು?"

"ನಿನ್ನನ್ನ ನೋಡೋಕೆ ಕಣೋ ಮಾರಾಯ."

"ಕೋವಿ ತಂದಿರಲಿಲ್ಲ."

"ಅದಕ್ಕೇ ಹೇಳ್ತಿರೋದು."

ಚಹಾ ಸೋಸಿ ಲೋಟವನ್ನು ಅವನ ಮುಂದಿಟ್ಟು, "ಹಾಗಾದ್ರೆ ನಾನು ಏನು ಮಾಡಬೇಕಿತ್ತು?" ಎಂದು ಕೇಳಿದ.

ಬದುಕಿನುದ್ದಕ್ಕೂ ಪುಸ್ತಕಗಳ ನಡುವೆ ಕೂತವನೂ ಇದಕ್ಕೆ ಉತ್ತರವನ್ನು ಹುಡುಕಿ ತೆಗೆಯಬೇಕಾಯಿತು. ಕೊನೆಗೆ, "ಅವರು ಏನಾದ್ರೂ ಹೇಳ್ತಾರಲ್ಲ, ಅದಕ್ಕೆ 'ಆಮೇಲೆ?' ಅನ್ನು. ಮಾತುಕತೆ ಅಂದ್ರೆ ಅಷ್ಟೇ," ಎಂದ.

"ಬರೀ ಆಮೇಲೆ?"

"ಬರೀ ಆಮೇಲೆ. ನಾನು ನಿನ್ನ ಹತ್ರ ಇಷ್ಟು ವರ್ಷ ಇನ್ನೇನು ಮಾಡ್ದೆ ಅಂದ್ಕೊಂಡೆ?"

ಅವಳು ಮಾತಿನಂತೆ ಇನ್ನೊಂದು ಸಲ ಬಂದಳು. ಚಳಿ ಶುರುವಾಗಿತ್ತು. ಅವನು ಅರಗಳನ್ನೆಲ್ಲ ಗೂಡಿಗೆ ಸೇರಿಸಿ, ಮೇಜು ಒರೆಸಿ, ಎದುರಿಗೆ ಕೂತು, ಕೈಗಳನ್ನು ಮೊಣಕಾಲ ಮೇಲಿಟ್ಟುಕೊಂಡ. ಅವಳು ಹೊಸದಾಗಿ ಬಂದ ರೋಗಿಯೊಬ್ಬಳ ಕತೆ ಎತ್ತಿದಳು. ಮೊದಲ ಸಲ ಅವನು ಬರೀ ತಲೆಯಾಡಿಸಿದ. ಎರಡನೆಯ ಸಲ, ತೀರ ಗಟ್ಟಿಯಾಗಿ, ಅಪ್ಪಣೆ ಕೊಟ್ಟ ಹಾಗೆ, "ಆಮೇಲೆ?" ಎಂದ. ಅವಳು ಬೆಚ್ಚಿ, ನಕ್ಕು, ಮುಂದುವರಿಸಿದಳು. ಮಧ್ಯಾಹ್ನದವರೆಗೂ ಕೂತಿದ್ದಳು. ಪಾಳಿ ಬದಲಾಗುತ್ತಿದೆ, ಇನ್ನು ಮುಂದಿನ ತಿಂಗಳೇ ಬರುವುದು ಎಂದು ಹೇಳಿ ಹೋದಳು. ಆ ಸಂಜೆ ಚಹಾದ ಹೊತ್ತಿಗೆ ಅವನು ಆ ರೋಗಿಯ ಕತೆಯನ್ನು ಮೊದಲಿನಿಂದ ಕೊನೆಯವರೆಗೆ ಗೆಳೆಯನಿಗೆ ಒಪ್ಪಿಸಿದ. ಆಕೆ ಗುಣವಾದಳೋ ಇಲ್ಲವೋ ಅವನಿಗೆ ಗೊತ್ತಿರಲಿಲ್ಲ. "ಮುಂದಿನ ತಿಂಗಳು ಕೇಳ್ತೀನಿ," ಎಂದ.

ಅವನ ಎದೆ ನಿಂತದ್ದು ಮುಂದಿನ ತಿಂಗಳು ಬರುವ ಮೊದಲೇ. ಬೆಳಿಗ್ಗೆ ಬಾಗಿಲು ತೆರೆಯದ್ದನ್ನು ಕಂಡು ಪುಸ್ತಕದಂಗಡಿಯವನು ತನ್ನ ಹತ್ತಿರವಿದ್ದ ಬೀಗದಕೈಯಿಂದ ಒಳಹೊಕ್ಕ. ಉಸಿರು ಇನ್ನೂ ಇತ್ತು, ಆಸ್ಪತ್ರೆಯ ಬಾಗಿಲವರೆಗೆ. ಅದು ಅವಳು ಕೆಲಸ ಮಾಡುವ ಆಸ್ಪತ್ರೆಯಲ್ಲ. ಕೋವಿಗಳನ್ನು ಸರ್ಕಾರದವರು ಬಂದು ಮೊಹರು ಹಾಕಿ ಒಯ್ದರು. ಖಡ್ಗಗಳನ್ನು ಅಕ್ಕ ಹಲ್ಲಿನ ಡಾಕ್ಟರಿಗೇ ಒಟ್ಟಿಗೆ ಕೊಟ್ಟಳು. ಕೊಡುವಾಗ, "ಎರಡು ಮಾತಾದ್ರೂ ಆಡ್ತಿದ್ದ," ಎಂದು ಅತ್ತಳು.

ನರ್ಸಮ್ಮ ಬಂದಾಗ ಬಾಗಿಲಿಗೆ ಬೀಗವಿತ್ತು. ಅವಳು ಬೀದಿ ದಾಟಿ ಪುಸ್ತಕದಂಗಡಿಗೆ ಬಂದು ಕೇಳಿದಳು. ಅವನು ಹೇಳಿದ. ಅವಳಿಗೆ ಸಾವು ಹೊಸದಲ್ಲ. ಯಾವ ದಿನ, ಎಷ್ಟು ಹೊತ್ತಿಗೆ, ನೋವಿತ್ತೇ ಎಂದು ದಾದಿಯರ ಹಾಗೆ ಕೇಳಿದಳು. ಆಮೇಲೆ ಪುಸ್ತಕದ ಕಟ್ಟೊಂದರ ಮೇಲೆ ಕೂತಳು. ಒಂಟಿಗಣ್ಣನ ಬಗ್ಗೆ ಹೇಳುವುದಕ್ಕೆ ಇಬ್ಬರ ಹತ್ತಿರವೂ ಬಹಳವೇನೂ ಇರಲಿಲ್ಲ. ಇದ್ದಷ್ಟನ್ನು ಹೇಳಿಕೊಂಡರು.